ಹೊರ್ನ್ಯಾಕನ ಕೈಗುಣ

ಹೊರ್ನ್ಯಾಕ್ ಗಾಶ್ಪಾರನನ್ನು ಕೆಟ್ಟವನೆಂದು ಕರೆದರೆ ನಿಜವಾದ ಕೆಟ್ಟವರು ಬೇಸರ ಮಾಡಿಕೊಂಡಾರು. ಕೆಟ್ಟತನಕ್ಕೂ ಸ್ವಲ್ಪ ಎದೆಗಾರಿಕೆ ಬೇಕು. ಅದು ಅವನ ಹತ್ತಿರ ಇರಲಿಲ್ಲ. ಇದ್ದದ್ದು ಒಂದು ಬಿಳಿ ಕೋಟು, ಅದರ ಎದೆಯ ಮೇಲೊಂದು ಪದಕ, ಮತ್ತು ತನ್ನ ಮೇಲೆ ಯಾರೂ ದೂರು ಹೇಳಬಾರದೆಂಬ ಆಸೆ. ಈ ಆಸೆಯೊಂದನ್ನೇ ನೆಚ್ಚಿಕೊಂಡು ಮನುಷ್ಯ ಎಷ್ಟು ಕೆಳಗೆ ಇಳಿಯಬಹುದು ಎಂಬುದು ತೀಸಾ ನದಿಯ ದಂಡೆಯ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು.

ಅವನ ಅಪ್ಪ ಬೀದಿಗೆಲ್ಲ ಹಂದಿ ಕೊಯ್ದು ಕೊಡುತ್ತಿದ್ದವನು. ಹಿಮ ಬಿತ್ತೆಂದರೆ ಆತನಿಗೆ ಪುರುಸೊತ್ತಿಲ್ಲ. ಒಂದೇ ಇರಿತಕ್ಕೆ ಕೆಲಸ ಮುಗಿಸುವ ಕೈ, ಹಂದಿಗೂ ಹಿಂಸೆಯಿಲ್ಲ. ಮಗರಾಯ ಮಾತ್ರ ಹಂದಿ ಕಿರುಚುವ ಹೊತ್ತಿಗೆ ಕೊಟ್ಟಿಗೆಯ ಹಿಂದೆ ಹೋಗಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಸಾಸೇಜು ಬಾಣಲೆಯಲ್ಲಿ ಚುರುಗುಟ್ಟುವ ಹೊತ್ತಿಗೆ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂತಿರುತ್ತಿದ್ದ. ಇಡೀ ಬದುಕನ್ನು ಅವನು ಹೀಗೇ ಬದುಕಿದ. ಕಿರುಚಾಟ ಕೇಳಬಾರದು, ಸಾಸೇಜು ಬೇಕು.

ಓದಿ ಊರಂಚಿನ ಸೀರಮ್ ಕಾರ್ಖಾನೆ ಸೇರಿದ. ಅಲ್ಲಿಗೆ ದಾನಿಗಳ ರಕ್ತ ಬರುತ್ತಿತ್ತು. ಅದರಿಂದ ಪ್ರತಿಕಾಯಗಳನ್ನು, ಅಂದರೆ ರೋಗ ಬಂದಾಗ ಮೈಯೊಳಗೆ ಕಾವಲು ನಿಲ್ಲುವ ಕಣಗಳನ್ನು, ಬೇರೆ ಮಾಡಿ ಪುಡಿಯಾಗಿಸಿ ಸೀಸೆಗೆ ತುಂಬುವುದು ಅಲ್ಲಿನ ಕೆಲಸ. ಹುಟ್ಟುವಾಗಲೇ ಆ ಕಾವಲು ಇಲ್ಲದ ಮಕ್ಕಳಿರುತ್ತಾರೆ. ಅವರಿಗೆ ನೆಗಡಿಯೂ ಯಮನೇ. ಬೇರೆಯವರ ಕಾವಲನ್ನು ತಿಂಗಳು ತಿಂಗಳು ತಂದು ಅವರ ಮೈಗೆ ತುಂಬಬೇಕು. ಮೊದಲು ಅದನ್ನು ಕುಂಡೆಗೆ ಚುಚ್ಚುತ್ತಿದ್ದರು. ನೋವು ಬಹಳ, ಒಳಗೆ ಹಿಡಿಸುವುದು ಸ್ವಲ್ಪ. ರಕ್ತನಾಳಕ್ಕೆ ನೇರವಾಗಿ ಬಿಟ್ಟರೆ ಬೇಕಾದಷ್ಟು ಬಿಡಬಹುದು. ಆದರೆ ಔಷಧಿ ತಯಾರಾಗುವಾಗ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟು ನಾಳಕ್ಕೆ ಹೋದರೆ ಮಗು ಗಡಗಡ ನಡುಗುತ್ತದೆ, ಬೆನ್ನು ನೋವೆಂದು ಕಿರುಚುತ್ತದೆ, ಒಮ್ಮೊಮ್ಮೆ ನಾಡಿಯೇ ಕುಸಿಯುತ್ತದೆ.

ಇದಕ್ಕೆ ಮದ್ದು ಹಂದಿಯ ಹೊಟ್ಟೆಯಲ್ಲಿತ್ತು. ಮಾಂಸ ಅರಗಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಅಲ್ಲಿಂದಲೇ ತೆಗೆಯುವುದು. ತುಸು ಹುಳಿ ಮಾಡಿದ ದ್ರಾವಣಕ್ಕೆ ಅದನ್ನು ಚಿಟಿಕೆಗಿಂತ ಕಡಿಮೆ ಹಾಕಿ, ಮೈಯ ಬಿಸಿಯಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಗಂಟು ಬಿಚ್ಚಿಕೊಳ್ಳುತ್ತದೆ, ಕಣ ಉಳಿಯುತ್ತದೆ. ಹೆಚ್ಚು ಹಾಕಿ ಹೆಚ್ಚು ಹೊತ್ತು ಇಟ್ಟರೆ ಪೆಪ್ಸಿನ್ ತನ್ನ ಹುಟ್ಟುಗುಣ ಬಿಡುತ್ತದೆಯೇ? ಕಣವನ್ನೂ ಕತ್ತರಿಸಿ ಹಾಕುತ್ತದೆ. ತುಂಡಾದ ಕಣ ಯಾರನ್ನೂ ನಡುಗಿಸುವುದಿಲ್ಲ. ಆದರೆ ಇಡಿಯಾದದ್ದು ವಾರಗಟ್ಟಲೆ ಮೈಯಲ್ಲಿ ಕಾವಲಿದ್ದರೆ, ತುಂಡಾದದ್ದು ಒಂದೆರಡು ದಿನದಲ್ಲೇ ಮೂತ್ರದ ದಾರಿ ಹಿಡಿದು ಹೊರಟುಹೋಗುತ್ತದೆ.

ನಾಳದ ಔಷಧಿ ವಿಭಾಗಕ್ಕೆ ಹೊರ್ನ್ಯಾಕ್ ಮುಖ್ಯಸ್ಥನಾದ. ಮೊದಮೊದಲು ಆಸ್ಪತ್ರೆಗಳಿಂದ ದೂರು ಬರುತ್ತಿತ್ತು: ಇಂಥ ಮಗು ನಡುಗಿತು, ಇಂಥ ಮಗುವಿಗೆ ಜ್ವರ ಏರಿತು. ದೂರು ಬಂದ ತಿಂಗಳು ಒಳ್ಳೆಯ ಕೆಲಸಕ್ಕೆಂದು ಕೊಟ್ಟು ವಿಭಾಗದ ಗೋಡೆಗೆ ಹೊಡೆದಿದ್ದ ಕೆಂಪು ಬಾವುಟವನ್ನು ಕಿತ್ತು ಪಕ್ಕದ ವಿಭಾಗಕ್ಕೆ ಕೊಡುತ್ತಿದ್ದರು. ಬಾವುಟ ಹೋದ ಗೋಡೆಯಲ್ಲಿ ಎರಡು ಮೊಳೆ ಉಳಿಯುತ್ತಿದ್ದವು. ಆ ಮೊಳೆಗಳನ್ನು ನೋಡಿದರೆ ಹೊರ್ನ್ಯಾಕನಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ನಡುಗಿದ ಮಗುವಿನ ಯೋಚನೆಯಿಂದ ಅವನ ಊಟ ತಪ್ಪಿದ್ದನ್ನು ಯಾರೂ ನೋಡಿಲ್ಲ.

ಅವನು ಮಾಡಿದ ಉಪಾಯ ಸುಲಭದ್ದು. ಪೆಪ್ಸಿನ್ ಹೆಚ್ಚಿಸಿದ, ಇಡುವ ಹೊತ್ತನ್ನೂ ಹೆಚ್ಚಿಸಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅವನ ಕೈಕೆಳಗೆ ಯೋಲಾನ್ ಎಂಬ ಡಾಕ್ಟರಮ್ಮ ಇದ್ದಳು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು, ಸಿಗರೇಟು ಸೇದುತ್ತ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು.

"ಹೊರ್ನ್ಯಾಕರೇ, ಇದು ಔಷಧಿ ಅಲ್ಲ, ಕೊಚ್ಚಿದ ಮಾಂಸ," ಅಂದಳು. "ಕಣ ಎಲ್ಲ ತುಂಡಾಗಿದೆ. ಮಗು ಮೈಯಲ್ಲಿ ವಾರ ನಿಲ್ಲಲ್ಲ ಇದು."

"ಯಾರಾದ್ರೂ ನಡುಗಿದ್ರಾ?"

"ನಡುಗೋಕೆ ಅದರಲ್ಲಿ ಏನಾದ್ರೂ ಉಳಿದಿದ್ರೆ ತಾನೇ?"

"ಪರೀಕ್ಷೆ ಪಾಸಾಗಿದೆಯೋ ಇಲ್ವೋ?"

"ಆಗಿದೆ. ಎಷ್ಟು ದಿನ ನಿಲ್ಲುತ್ತೆ ಅಂತ ಯಾವ ಪರೀಕ್ಷೆಯಲ್ಲೂ ಕೇಳಲ್ವಲ್ಲ."

"ಕೇಳದೇ ಇದ್ದಿದ್ದಕ್ಕೆ ನೀವ್ಯಾಕಮ್ಮ ಉತ್ತರ ಕೊಡ್ತೀರಿ? ಶಾಲೇಲೂ ಹೀಗೇ ಇದ್ರಾ?"

ಅವಳು ಸಿಗರೇಟು ಹೊಸಕಿ ಹೋದಳು. ಹೊರ್ನ್ಯಾಕನಿಗೆ ಅವಳ ಮಾತು ಅರ್ಥವಾಗಿರಲಿಲ್ಲ ಎಂದುಕೊಳ್ಳಬೇಡಿ. ಪೂರ್ತಿ ಅರ್ಥವಾಗಿತ್ತು. ಆದರೆ ನಮ್ಮ ಕಾಲದ ವ್ಯವಸ್ಥೆಯನ್ನು ಅವನು ಇನ್ನೂ ಚೆನ್ನಾಗಿ ಅರ್ಥಮಾಡಿಕೊಂಡಿದ್ದ. ಸೂಜಿ ಚುಚ್ಚಿದ ಹೊತ್ತಿಗೆ ಮಗು ನಡುಗಿದರೆ ಅದು ಔಷಧಿಯ ಮೇಲೆ ದೂರು. ಎರಡು ವಾರ ಕಳೆದು ಅದೇ ಮಗುವಿಗೆ ಪುಪ್ಪುಸದಲ್ಲಿ ಕೀವಾದರೆ ಅದು ಕಾಯಿಲೆ. ಕಾಯಿಲೆಯ ಮೇಲೆ ಯಾರೂ ದೂರು ಬರೆಯುವುದಿಲ್ಲ. ದೂರು ನಿಂತವು, ಬಾವುಟ ಗೋಡೆಯಲ್ಲಿ ನೆಲೆಸಿತು, ವಿಭಾಗದ ಬಾಗಿಲ ಮೇಲೆ ಹೊರ್ನ್ಯಾಕ್ "ನಮ್ಮ ಔಷಧಿಗೆ ಯಾರೂ ನಡುಗುವುದಿಲ್ಲ" ಎಂದು ದೊಡ್ಡಕ್ಷರದಲ್ಲಿ ಬರೆಸಿದ. ಪದಕ ಬಂದದ್ದು ಆಗಲೇ. ಕುಂಡೆಗೆ ಚುಚ್ಚಿಸಿಕೊಂಡು ಅಷ್ಟೋ ಇಷ್ಟೋ ಗಟ್ಟಿಯಾಗಿದ್ದ ಮಕ್ಕಳು ಹೊಸ ಔಷಧಿಗೆ ಬದಲಾದ ಮೇಲೆ ಸೊರಗಿದರು. ಹೊಲದಾಚೆಯ ಹಳ್ಳಿಯ ಒಂದು ಹೆಣ್ಣುಮಗು ವಸಂತ ಬರುವ ಮೊದಲೇ ತೀರಿಕೊಂಡಿತು. ಒಂದೇ ಒಂದು ದಿನವೂ ನಡುಗದೆ.

ದೇವರಿದ್ದಾನೆ ಎನ್ನುವವರು ಮುಂದಿನದನ್ನು ತೋರಿಸಿ ಹೇಳುತ್ತಾರೆ. ನನಗೆ ಆ ಬಗ್ಗೆ ಅಷ್ಟು ಧೈರ್ಯವಿಲ್ಲ, ಯಾಕೆಂದರೆ ಶಿಕ್ಷೆ ಬಿದ್ದದ್ದು ಹೊರ್ನ್ಯಾಕನಿಗಲ್ಲ, ಮೂರು ವರ್ಷದ ಮಗುವಿಗೆ. ಅವನ ಮಗಳು ಕಿಂಗಾಳ ಒಬ್ಬನೇ ಮಗ ಅಂಬ್ರುಶ್ ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ. ಕಿವಿ ಸೋರುವುದು, ಕೆಮ್ಮು, ಮತ್ತೆ ಕಿವಿ. ಕಿಂಗಾಳ ಗಂಡ ರಷ್ಯಾದಲ್ಲಿ ಗ್ಯಾಸಿನ ಕೊಳವೆ ಹಾಕುವ ಕೆಲಸಕ್ಕೆ ಹೋಗಿದ್ದ. ಅವಳು ಒಬ್ಬಳೇ ಮಗುವನ್ನೆತ್ತಿಕೊಂಡು ಬುಡಾಪೆಸ್ಟಿಗೆ ಓಡಾಡಿದಳು. ಕೊನೆಗೆ ಅಲ್ಲಿನ ಡಾಕ್ಟರು ಹೇಳಿದರು: ಇವನಿಗೆ ಹುಟ್ಟಿನಿಂದಲೇ ಪ್ರತಿಕಾಯವಿಲ್ಲ, ತಿಂಗಳಿಗೊಮ್ಮೆ ನಾಳಕ್ಕೆ ಬಿಡಿಸಬೇಕು, ಬದುಕಿರುವವರೆಗೆ.

ಕಿಂಗಾ ಅಪ್ಪನ ಮನೆಗೆ ಬಂದವಳು ಅಳಲೂ ಇಲ್ಲ. "ಅಪ್ಪ, ನಮ್ಮ ಪುಣ್ಯ ನೋಡು! ಬೇರೆ ಯಾವ ಕಾಯಿಲೆ ಬಂದಿದ್ರೂ ನಾವೇನು ಮಾಡೋಕಾಗ್ತಿತ್ತು? ಇದಕ್ಕೆ ನೀನೇ ಔಷಧಿ ಮಾಡ್ತೀಯ!"

ಹೊರ್ನ್ಯಾಕ್ ಸೂಪಿನ ಚಮಚ ಕೆಳಗಿಟ್ಟ. ಆ ಕ್ಷಣದಲ್ಲಿ ಒಬ್ಬ ಮನುಷ್ಯ ಏನು ಮಾಡಬಹುದಿತ್ತು? ಮರುದಿನ ಕಾರ್ಖಾನೆಗೆ ಹೋಗಿ ಪೆಪ್ಸಿನ್ ಇಳಿಸಬಹುದಿತ್ತು. ಒಂದೆರಡು ಮಕ್ಕಳು ನಡುಗುತ್ತಿದ್ದವು, ಬಾವುಟ ಹೋಗುತ್ತಿತ್ತು, ಯೋಲಾನಳನ್ನು ಕೇಳಿ ಸರಿಯಾದ ಅಳತೆ ಕಂಡುಕೊಳ್ಳಬಹುದಿತ್ತು. ತನ್ನ ಮೊಮ್ಮಗನೂ ಉಳಿಯುತ್ತಿದ್ದ, ಬೇರೆಯವರ ಮಕ್ಕಳೂ ಉಳಿಯುತ್ತಿದ್ದರು. ಹೊರ್ನ್ಯಾಕ್ ಹೋದದ್ದು ಕಾರ್ಖಾನೆಗಲ್ಲ, ತೀರಿಕೊಂಡ ಹೆಂಡತಿಯ ತಮ್ಮ ದೆಜೋನ ಮನೆಗೆ. ದೆಜೋ ಸರಕಿನ ಲಾರಿ ಓಡಿಸಿಕೊಂಡು ವಿಯೆನ್ನಾ, ಅದರಾಚೆ ಸ್ವಿಸ್ ದೇಶದವರೆಗೆ ಹೋಗಿಬರುವವನು. ಅಲ್ಲಿನವರು ಚಿಟಿಕೆ ಪೆಪ್ಸಿನ್ನಿನ ಹದ ಹಿಡಿದು ಒಳ್ಳೆಯ ಔಷಧಿ ಮಾಡಿದ್ದಾರೆಂದು ಹೊರ್ನ್ಯಾಕನಿಗೆ ಗೊತ್ತಿತ್ತು.

"ಏನ್ ಬಾವ, ನೀನು ಮಾಡೋದನ್ನೇ ನಾನು ಅಲ್ಲಿಂದ ಹೊತ್ತು ತರಬೇಕಾ?" ದೆಜೋ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೇಕರಿಯೋನು ಪಕ್ಕದ ಬೀದೀಲಿ ಬ್ರೆಡ್ ಕೊಂಡ್ಕೊಂಡ ಹಾಗಾಯ್ತು!"

"ಹೋಲಿಸಿ ನೋಡೋಕೆ ಕಣೋ. ವಿಜ್ಞಾನದ ವಿಷಯ, ನಿನಗೆ ಅರ್ಥ ಆಗಲ್ಲ."

"ಅರ್ಥ ಆಗ್ದೇ ಇದ್ರೂ ಸಾಸೇಜು ತಿನ್ನೋಕೆ ಬರುತ್ತೆ. ಹೊಗೆ ಹಾಕಿದ ಎರಡು ಹಂದಿ ತೊಡೆ, ನಿಮ್ಮಪ್ಪನ ಕಾಲದ ಪ್ಲಮ್ ಸಾರಾಯಿ. ಆಯ್ತಾ?"

ಆಯಿತು. ಸೀಸೆಗಳು ಬರತೊಡಗಿದವು. ಈಗ ಇನ್ನೊಂದು ತೊಡಕು: ವಿದೇಶದ ಸೀಸೆ ಕಂಡರೆ ಮಗಳು ಯಾಕೆಂದು ಕೇಳುತ್ತಾಳೆ. ಹೊರ್ನ್ಯಾಕ್ ಕಾರ್ಖಾನೆಯಿಂದ ಕೊಕ್ಕರೆ ಗುರುತಿನ ಲೇಬಲ್ಲುಗಳನ್ನು ಜೇಬಿಗೆ ಹಾಕಿಕೊಂಡು ಬಂದ. ಅಡಿಗೆಮನೆಯಲ್ಲಿ ಮೈದಾ ಅಂಟು ಕಾಯಿಸಿ, ನಾಲಿಗೆ ಕಚ್ಚಿಕೊಂಡು, ಸ್ವಿಸ್ ಲೇಬಲ್ಲಿನ ಮೇಲೆ ಅವನ್ನು ಒತ್ತಿ ಅಂಟಿಸಿದ. ಆ ಹೊತ್ತಿನ ಅವನ ಮುಖ ಊಹಿಸಿಕೊಂಡರೆ ಇವತ್ತಿಗೂ ನನಗೆ ಉಗಿಯಬೇಕೆನಿಸುತ್ತದೆ. ಮೊಮ್ಮಗನನ್ನು ಉಳಿಸುವ ಹೊತ್ತಿನಲ್ಲೂ ಕೀರ್ತಿ ತನಗೇ ಬರಬೇಕು!

"ಇದು ನಾನೇ ಕೈಯಾರೆ ಆರಿಸಿದ್ದು," ಎಂದು ಮಗಳಿಗೆ ಕೊಟ್ಟ. "ಆಸ್ಪತ್ರೆ ಕಪಾಟಿನದ್ದು ಬೇಡ. ಇದನ್ನೇ ಬಿಡಿಸು."

ಅಂಬ್ರುಶ್ ಚಿಗುರಿದ. ಕಿವಿ ಸೋರುವುದು ನಿಂತಿತು, ಕೆನ್ನೆ ತುಂಬಿತು, ಬಾತುಕೋಳಿಗಳ ಹಿಂದೆ ಓಡಿ ಕೆಸರಲ್ಲಿ ಬಿದ್ದು ಎದ್ದ. ಊರೆಲ್ಲ ನೋಡಿತು. ಔಷಧಿಯ ಬಗ್ಗೆ ಪಿಸುಗುಡುತ್ತಿದ್ದ ಮಕ್ಕಳ ಡಾಕ್ಟರು ಕೂಡ ಬಾಯಿ ಮುಚ್ಚಿಕೊಂಡರು. ನಿರ್ದೇಶಕ ಪಾಲ್ಫಿ ಸಭೆಯಲ್ಲಿ ಎದ್ದುನಿಂತು, "ನಮ್ಮ ಹೊರ್ನ್ಯಾಕರ ಸ್ವಂತ ಮೊಮ್ಮಗನೇ ಸಾಕ್ಷಿ, ಇನ್ನೇನು ಬೇಕು?" ಎಂದ. ಯೋಲಾನ್ ಏನೋ ಹೇಳಲು ಹೋದರೆ ಎಲ್ಲರೂ ಅವಳನ್ನು ಹೊಟ್ಟೆಕಿಚ್ಚಿನವಳೆಂಬಂತೆ ನೋಡಿದರು. ಹೊರ್ನ್ಯಾಕ್ ತಲೆ ತಗ್ಗಿಸಿ ಚಪ್ಪಾಳೆ ಸ್ವೀಕರಿಸಿದ. ಹೀಗೆ ಕೊಚ್ಚಿದ ಔಷಧಿಗೆ ಕದ್ದು ತರಿಸಿದ ಸೀಸೆಯ ಹೆಸರು ಬಂತು.

ಬೇಸಿಗೆಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅಂಬ್ರುಶ್ ಮತ್ತೆ ಕೆಮ್ಮತೊಡಗಿದ. ಶರತ್ಕಾಲಕ್ಕೆ ಕಿವಿ ಸೋರಿತು, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜ್ವರದಿಂದ ಆಸ್ಪತ್ರೆ ಸೇರಿ ಬಂದ. ಒಳ್ಳೆಯ ಸೀಸೆ ಕೊಟ್ಟೂ ಹೀಗೇಕೆ? ಹೊರ್ನ್ಯಾಕ್ ದೆಜೋನನ್ನು ಹಿಡಿದುಕೊಂಡ.

"ನೀನು ಏನು ತಂದುಕೊಡ್ತಿದ್ದೀಯೋ? ಯಾವನೋ ಹಿಟ್ಟು ತುಂಬಿ ಮಾರಿದಾನೆ!"

"ಬಾವ, ಬಾಯಿಗೆ ಬಂದಂಗೆ ಮಾತಾಡ್ಬೇಡ. ಔಷಧಿ ಅಂಗಡೀಲಿ ಕ್ಯೂ ನಿಂತು ತಂದಿದೀನಿ. ಹಿಟ್ಟು ತುಂಬೋ ಬುದ್ಧಿ ನಿಮ್ಮ ಮನೇದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹೊರ್ನ್ಯಾಕ್ ತೆಪ್ಪಗಾದ.

ಉತ್ತರ ಸಿಕ್ಕಿದ್ದು ಹಿಮ ಬಿದ್ದ ಮೇಲೆ, ಅವನ ಮನೆಯ ಹಂದಿ ಕೊಯ್ದ ದಿನ. ಅವನು ಕೊಯ್ಯುವುದಿಲ್ಲ, ಕೊಯ್ಯುವವನನ್ನು ಕರೆಸುತ್ತಾನೆ; ಆಗಲೂ ಕೊಟ್ಟಿಗೆಯ ಹಿಂದೆ ಹೋಗಿಬರುತ್ತಾನೆ. ಮಧ್ಯಾಹ್ನದ ಊಟಕ್ಕೆ ನಿರ್ದೇಶಕ ಪಾಲ್ಫಿ ಬಂದು ಮೇಜಿನ ತಲೆಯಲ್ಲಿ ಕೂತಿದ್ದ. ಕಿಂಗಾ ರಕ್ತದ ಸಾಸೇಜು ಬಡಿಸುತ್ತಿದ್ದಳು. ಅಂಬ್ರುಶ್ ಒಲೆಯ ಪಕ್ಕ ಕಂಬಳಿ ಹೊದ್ದು ಕೆಮ್ಮುತ್ತಿದ್ದ. ಹಂದಿ ಕೊಯ್ದ ಮನೆಯವರು ಬೇಕಾದವರಿಗೆ ಒಂದು ತಟ್ಟೆ ರುಚಿ ಕಳಿಸುವುದು ನಮ್ಮಲ್ಲಿ ರೂಢಿ. ತಟ್ಟೆ ಪಡೆದವರು ತಮ್ಮ ಹಂದಿ ಕೊಯ್ದಾಗ ಅದೇ ತಟ್ಟೆ ತುಂಬಿ ವಾಪಸು ಕಳಿಸಬೇಕು. ಅವತ್ತು ಬಾಗಿಲು ತಟ್ಟಿ ಒಳಗೆ ಬಂದವಳು ಹಂದಿ ಸಾಕಣೆಯ ಕೆಲಸದ ಬೋರಿಶ್ಕಾ. ಕೈಯಲ್ಲಿ ನೀಲಿ ಅಂಚಿನ ಎನಾಮಲ್ ತಟ್ಟೆ, ತುಂಬ ಸಾಸೇಜು, ಬಾಡಿಸಿದ ಈರುಳ್ಳಿ. ಅವಳ ಹಿಂದೆ ಸೇಬಿನಂಥ ಕೆನ್ನೆಯ ಮಗ ಮಿಕ್ಷಾ.

"ಯಜಮಾನ್ರೇ, ನಮ್ಮನೇದು ನಿನ್ನೆ ಕೊಯ್ದ್ವಿ. ಮೊದಲನೇ ತಟ್ಟೆ ನಿಮಗೇ ಅಂತ ತಂದೆ. ನಿಮ್ಮ ಕೈಗುಣ ದೊಡ್ಡದು. ನನ್ನ ಮಗ ಉಳಿದಿದ್ದೇ ನಿಮ್ಮಿಂದ."

ಪಾಲ್ಫಿ ಕುರ್ಚಿ ತಿರುಗಿಸಿ ಕೂತ. "ಓಹೋ! ಇವನಿಗೂ ನಮ್ಮ ಔಷಧೀನಾ?"

"ಹೌದು ಸ್ವಾಮಿ, ಅದೇ ಕಾಯಿಲೆ. ಮೊದಲು ಕಪಾಟಿನ ಸೀಸೆ ಬಿಡಿಸ್ತಿದ್ದೆ, ಹೋಗೇಬಿಡ್ತಾನೆ ಅಂತ ಇದ್ದ. ಅಂಬ್ರುಶ್‌ಗೆ ತಾತ ಕೈಯಾರೆ ಕೊಟ್ಟಿದ್ದು ಹತ್ತುತ್ತಲ್ಲ, ಅದು ಕೈಗುಣ ಅಂತ ನನಗನ್ನಿಸ್ತು. ಕಿಂಗಮ್ಮನ್ನ ಒಂದ್ಸಲ ಬದಲಾಯಿಸ್ಕೊಡಿ ಅಂತ ಕೇಳಿದೆ. ತಾಯಿ ಹೃದಯ, ಬೇಸಿಗೆಯಿಂದ ಪ್ರತಿ ತಿಂಗಳೂ ಬದಲಾಯಿಸ್ಕೊಡ್ತಿದ್ದಾರೆ. ನೋಡಿ ನನ್ನ ಮಗನ್ನ!"

ಎಲ್ಲರೂ ಮಿಕ್ಷಾನನ್ನು ನೋಡಿದರು. ಹೊರ್ನ್ಯಾಕ್ ಒಬ್ಬನೇ ಒಲೆಯ ಪಕ್ಕ ನೋಡಿದ. ಬೇಸಿಗೆಯಿಂದ ತನ್ನ ಮೊಮ್ಮಗನ ನಾಳಕ್ಕೆ ಹೋಗುತ್ತಿರುವುದು ತನ್ನದೇ ಔಷಧಿ.

"ತಿನ್ರೀ ಹೊರ್ನ್ಯಾಕರೇ, ಸಂತೋಷಕ್ಕೆ ಬಾಯಿ ಕಟ್ತಾ?" ಎಂದ ಪಾಲ್ಫಿ. ಹೊರ್ನ್ಯಾಕ್ ಸಾಸೇಜು ಬಾಯಿಗಿಟ್ಟು ಅಗಿದ. ಕಂಬಳಿಯೊಳಗಿಂದ ಮಗು ಮತ್ತೆ ಕೆಮ್ಮಿತು, ಅವನು ಅಗಿಯುತ್ತಲೇ ಇದ್ದ.

ಅತಿಥಿಗಳು ಎದ್ದ ಮೇಲೆ ಮಗಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದ.

"ಇನ್ನುಮುಂದೆ ಆ ಸೀಸೆ ಯಾರಿಗೂ ಕೊಡಬೇಡ. ಅದು ಅಂಬ್ರುಶ್‌ದು."

"ಯಾಕಪ್ಪ? ಎರಡೂ ಒಂದೇ ಅಲ್ವಾ?"

"ಒಂದೇ. ಆದ್ರೂ ಕೊಡಬೇಡ."

"ಒಂದೇ ಆದ್ಮೇಲೆ ನಿನಗ್ಯಾಕೆ ಸಂಕಟ? ಆ ಹೆಂಗಸಿಗೆ ಒಂದು ನಂಬಿಕೆ, ಅವಳ ಮಗು ಚೇತರಿಸ್ಕೊಂಡಿದೆ. ಏನಾದ್ರೂ ಬೇರೆ ಇದ್ರೆ ಹೇಳು, ಈಗ್ಲೇ ನಿಲ್ಲಿಸ್ತೀನಿ."

ಆ ಮನೆಯಲ್ಲಿ ಆಗ ಅಪ್ಪ ಮಗಳು ಮತ್ತು ಮಗು ಬಿಟ್ಟರೆ ಯಾರೂ ಇರಲಿಲ್ಲ. ನಿರ್ದೇಶಕನಿಲ್ಲ, ಬಾವುಟವಿಲ್ಲ. ಮೂರು ಮಾತು ಹೇಳಿದ್ದರೆ ಸಾಕಿತ್ತು. ಹೊರ್ನ್ಯಾಕ್ ಬಾಯಿ ತೆರೆದ, ಮಗಳ ಕಣ್ಣಲ್ಲಿ ತನ್ನ ಬಗ್ಗೆ ಇದ್ದ ಹೆಮ್ಮೆಯನ್ನು ನೋಡಿದ, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. "ಬೇರೆ ಏನಿಲ್ಲ," ಎಂದ.

"ಹಾಗಾದ್ರೆ ಸಣ್ಣತನ ಮಾಡಬೇಡಪ್ಪ," ಎಂದು ಕಿಂಗಾ ಪಾತ್ರೆ ತೊಳೆಯಲು ಹೋದಳು.

ಮುಂದಿನ ಸಲ ಔಷಧಿ ಬಿಡಿಸುವ ದಿನ ಹತ್ತಿರ ಬಂದರೂ ದೆಜೋನ ಲಾರಿ ಹಿಮದಲ್ಲಿ ಸಿಕ್ಕಿಕೊಂಡು ತಡವಾಯಿತು. ಸೀಸೆ ಕೈಸೇರಿದ್ದು ಅವತ್ತೇ ಬೆಳಿಗ್ಗೆ. ಹೊರ್ನ್ಯಾಕ್ ಅವಸರದಲ್ಲಿ ಕೊಕ್ಕರೆ ಲೇಬಲ್ ಅಂಟಿಸಿ, ಅಂಟು ಒಣಗುವ ಮೊದಲೇ ಕೋಟಿನ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಈ ಸಲ ತಾನೇ ಎದುರಿಗೆ ನಿಂತು ಮೊಮ್ಮಗನಿಗೆ ಬಿಡಿಸಬೇಕೆಂದು ಅವನ ಲೆಕ್ಕ.

ವಾರ್ಡಿನಲ್ಲಿ ಎರಡು ಮಂಚದ ಮೇಲೆ ಎರಡು ಮಕ್ಕಳು. ಅಂಬ್ರುಶ್‌ನ ತುಟಿ ನೀಲಿಯಾಗಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು; ಈ ಚಳಿಗಾಲ ದಾಟುತ್ತಾನೋ ಇಲ್ಲವೋ ಎಂದು ಡಾಕ್ಟರು ಕಿಂಗಾಳಿಗೆ ಆಗಲೇ ಹೇಳಿದ್ದರು. ಕಿಂಗಾ ಅಪ್ಪನ ಕೈಯಿಂದ ಸೀಸೆ ತೆಗೆದುಕೊಂಡಳು, ಅವನು ಬೇಡವೆನ್ನುವ ಮೊದಲೇ ಹೋಗಿ ಬೋರಿಶ್ಕಾಳ ಕೈಗಿಟ್ಟಳು, ಅವಳಿಂದ ಕಪಾಟಿನ ಸೀಸೆ ತೆಗೆದುಕೊಂಡಳು.

ಚಳಿಗೆ ಸೀಸೆಗಳು ಹಿಮದಂತೆ ತಣ್ಣಗಿದ್ದವು. ನರ್ಸಮ್ಮ ಎರಡನ್ನೂ ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಒಂದು ಸೀಸೆಯ ಕೊಕ್ಕರೆ ಕದಲಿತು, ಜಾರಿತು, ನೀರಿನ ಮೇಲೆ ತೇಲಿಕೊಂಡು ಬಂದು ಬೋಗುಣಿಯ ಅಂಚಿಗೆ ಅಂಟಿಕೊಂಡಿತು.

ಕಿಂಗಾ ಸೀಸೆ ಎತ್ತಿ ನೋಡಿದಳು. ಒಳಗಿನ ಲೇಬಲ್ ಜರ್ಮನ್ ಭಾಷೆಯದು.

"ಅಪ್ಪ, ಇದೇನು?"

"ಹೊರಗಡೇದು. ಹೋಲಿಸಿ ನೋಡೋಕೆ ಅಂತ..."

"ಅದರ ಮೇಲೆ ನಿಮ್ಮ ಲೇಬಲ್ ಯಾಕೆ?"

ಹೊರ್ನ್ಯಾಕ್ ಅಂಚಿನ ಕೊಕ್ಕರೆಯನ್ನು ಕೀಳಲು ಹೋದ, ಅದು ಮತ್ತೆ ನೀರಿಗೆ ಜಾರಿತು.

"ಮೊದಲಿಂದಲೂ ಇದೇನಾ? ಅಂಬ್ರುಶ್ ಹುಷಾರಾಗಿದ್ದು ಇದರಿಂದಾನಾ?"

"ಎರಡೂ ಒಂದೇ ಮಗಳೇ. ನಮ್ಮದಕ್ಕೆ ಯಾರೂ ನಡುಗಲ್ಲ."

ಕಿಂಗಾಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಒಂದೇ ತಾನೇ? ಸರಿ. ನರ್ಸಮ್ಮ, ನಮ್ಮಪ್ಪ ಮಾಡಿದ್ದನ್ನ ನನ್ನ ಮಗನಿಗೆ ಬಿಡಿ. ನಾನು ತಾಯಿ, ನಾನು ಹೇಳ್ತಿದೀನಿ."

ನರ್ಸಮ್ಮ ಅಂಬ್ರುಶ್‌ನ ಸಣಕಲು ತೋಳಿಗೆ ರಬ್ಬರು ಪಟ್ಟಿ ಕಟ್ಟಿದಳು. ಸೂಜಿ ಹತ್ತಿರ ಬಂತು. ಹೊರ್ನ್ಯಾಕ್ ಕಿಟಕಿಯ ಕಡೆ ನೋಡಿದ, ನೆಲ ನೋಡಿದ. ಅಲ್ಲಿ ಕೊಟ್ಟಿಗೆಯಿರಲಿಲ್ಲ, ಹಿಂದೆ ಹೋಗಿ ಕಿವಿ ಮುಚ್ಚಿಕೊಳ್ಳಲು. ಅವನ ಕೈ ತಾನಾಗಿ ಎದ್ದು ನರ್ಸಮ್ಮನ ಮಣಿಕಟ್ಟು ಹಿಡಿಯಿತು.

ಬೋರಿಶ್ಕಾ ಆ ಕೈಯನ್ನು ನೋಡಿದಳು, ನೀರಲ್ಲಿ ತೇಲುತ್ತಿದ್ದ ಕೊಕ್ಕರೆಯನ್ನು ನೋಡಿದಳು, ಮಗನ ಅಂಗಿಯ ತೋಳು ಕೆಳಗಿಳಿಸಿದಳು.

"ಆ ಹೊರಗಡೇದನ್ನ ಅಂಬ್ರುಶ್‌ಗೇ ಹಾಕಿ," ಎಂದಳು. "ನನ್ನ ಮಗನ ಮೈಯಲ್ಲಿ ಹೋದ ತಿಂಗಳದ್ದು ಇನ್ನೂ ಉಳಿದಿರುತ್ತೆ. ಕಳ್ಳಮಾಲಾದ್ರೂ ಒಳ್ಳೇ ಮಾಲು." ಆಮೇಲೆ ಹೊರ್ನ್ಯಾಕನ ಕಡೆ ತಿರುಗಿ, "ನನ್ನ ಮಗಂಗೆ ಚುಚ್ಚುವಾಗ ಈ ಕೈ ಎಲ್ಲಿತ್ತು ಯಜಮಾನ್ರೇ?" ಎಂದು ಕೇಳಿದಳು.

ಕಿಂಗಾ ಅಪ್ಪನೊಡನೆ ಆಡಿದ ಕೊನೆಯ ಉದ್ದನೆಯ ಮಾತು ಆಸ್ಪತ್ರೆಯ ಮೆಟ್ಟಿಲ ಮೇಲೆ. "ನಾಳೆ ಹೋಗಿ ಪಾಲ್ಫಿಗೆ ಹೇಳು. ನೀನು ಹೇಳದೇ ಇದ್ರೆ ಆ ಸೀಸೆ, ಆ ಲೇಬಲ್ ತಗೊಂಡು ನಾನೇ ಬರ್ತೀನಿ. ಆಮೇಲೆ ದೆಜೋ ಮಾವನಿಗೆ ಹೇಳು, ಎರಡೆರಡು ಸೀಸೆ ತರಬೇಕು ಅಂತ. ನಿನ್ನ ಹೊಗೆಗೂಡಲ್ಲಿ ತೊಡೆ ಉಳಿಯೋದು ಬೇಡ."

ಹೊರ್ನ್ಯಾಕ್ ಹೋಗಿ ಹೇಳಿದ. ಹೇಗೆ ಹೇಳಿದ ಎಂಬುದನ್ನು ಕೇಳಿ. "ಇತ್ತೀಚಿನ ಪೆಪ್ಸಿನ್ ಸರಿಯಿಲ್ಲ ಸಾರ್. ಹಂದಿಗಳಿಗೆ ಹೊಸ ಮೇವು ಹಾಕ್ತಿದ್ದಾರಲ್ಲ, ಹೊಟ್ಟೆ ರಸ ತುಂಬ ತೀಕ್ಷ್ಣ ಆಗಿದೆ. ಕಣ ತುಂಡಾಗ್ತಿರೋದನ್ನ ನಾನು ಸಮಯಕ್ಕೆ ಸರಿಯಾಗಿ ಪತ್ತೆ ಹಚ್ಚಿದ್ದೀನಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪಾಲ್ಫಿ ಗಾಬರಿಯಾಗಿ, ಆಮೇಲೆ ತಪ್ಪು ಹಂದಿಗಳದ್ದೆಂದು ತಿಳಿದು ನೆಮ್ಮದಿಯಾಗಿ, ಅಳತೆ ಸರಿಪಡಿಸುವ ಕೆಲಸವನ್ನು ಯೋಲಾನಳಿಗೆ ಕೊಟ್ಟ. ಅವಳು ಪೆಪ್ಸಿನ್ ಇಳಿಸಿದಳು, ಹೊತ್ತು ಇಳಿಸಿದಳು, ಔಷಧಿ ಎಷ್ಟು ದಿನ ನಿಲ್ಲುತ್ತದೆಂಬ ಪರೀಕ್ಷೆಯನ್ನೂ ಸೇರಿಸಿದಳು. ಒಂದೆರಡು ಮಕ್ಕಳು ಸ್ವಲ್ಪ ನಡುಗಿದವು. ಹರಿವು ನಿಧಾನ ಮಾಡಿದರೆ ನಿಲ್ಲುತ್ತಿತ್ತು. ಮಕ್ಕಳು ಬದುಕಿದರು. ಹೊರ್ನ್ಯಾಕನಿಗೆ ದೋಷವನ್ನು ಪತ್ತೆ ಹಚ್ಚಿದ್ದಕ್ಕೆ ಇನ್ನೊಂದು ಪದಕ ಬಂತು. ಪೆಪ್ಸಿನ್ ಏರಿಸಿದ್ದಕ್ಕೆ ಒಂದು, ಇಳಿಸಿದ್ದಕ್ಕೆ ಒಂದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಕಿಂಗಾ ಬಾಯಿಬಿಟ್ಟು ಯಾರಿಗೂ ಏನೂ ಹೇಳಲಿಲ್ಲ, ಬೋರಿಶ್ಕಾಳೂ ಹೇಳಲಿಲ್ಲ. ನರ್ಸಮ್ಮ ಮಾತ್ರ ಎಲ್ಲರಿಗೂ ಹೇಳಿದಳು.

ಮರುವರ್ಷ ಹಿಮ ಬಿತ್ತು. ಬೋರಿಶ್ಕಾಳ ಮನೆಯ ಹಂದಿ ಕೊಯ್ದರು. ಅವಳ ತಟ್ಟೆಗಳು ಕಿಂಗಾಳ ಮನೆಗೆ ಹೋದವು, ಯೋಲಾನಳಿಗೆ ಹೋದವು, ನರ್ಸಮ್ಮನಿಗೆ, ಲಾರಿಯ ದೆಜೋನಿಗೆ ಕೂಡ. ಹೊರ್ನ್ಯಾಕ್ ಗೇಟಿನ ಹತ್ತಿರ ಹಿಮ ಗುಡಿಸುವ ನೆವ ಮಾಡಿಕೊಂಡು ನಿಂತಿದ್ದ. ತಟ್ಟೆ ಹೊತ್ತವಳು ಅವನ ಗೇಟು ದಾಟಿಕೊಂಡು ಮುಂದೆ ಹೋದಳು. ಬೀದಿಯಲ್ಲಿ ಅವನಿಗೆ ತಟ್ಟೆ ಬಾರದೆ ಹೋದದ್ದು ಅದೇ ಮೊದಲು, ಮತ್ತು ಬೀದಿಯೆಲ್ಲ ಅದನ್ನು ಪರದೆಯ ಸಂದಿಯಿಂದ ನೋಡಿತು.

ಹೋದ ವರ್ಷದ ನೀಲಿ ಅಂಚಿನ ತಟ್ಟೆ ಅವನ ಕಪಾಟಿನಲ್ಲೇ ಇತ್ತು. ತನ್ನ ಹಂದಿ ಕೊಯ್ದ ದಿನ ಅದನ್ನು ತೆಗೆದು, ಒಳ್ಳೊಳ್ಳೆಯ ತುಂಡು ಆರಿಸಿ ತುಂಬಿ, ಮೇಲೊಂದು ಇಸ್ತ್ರಿ ಮಾಡಿದ ಬಟ್ಟೆ ಮುಚ್ಚಿ, ಎರಡೂ ಪದಕದ ಕೋಟು ಹಾಕಿಕೊಂಡು ಬೋರಿಶ್ಕಾಳ ಅಂಗಳಕ್ಕೆ ಹೋದ. ಹುಲ್ಲಿನ ಬಣವೆಯ ಆಚೆ ಮಿಕ್ಷಾ, ಈಚೆ ಅಂಬ್ರುಶ್ ನಿಂತು ಹಿಮದ ಉಂಡೆ ಎಸೆದಾಡುತ್ತಿದ್ದರು. ಅಂಬ್ರುಶ್ ತಾತನನ್ನು ಕಂಡು ನಿಂತ, ಆಮೇಲೆ ಓಡಿಹೋಗಿ ಹುಲ್ಲಿನ ಬಣವೆಯ ಹಿಂದೆ ನಿಂತುಕೊಂಡ.

ಬೋರಿಶ್ಕಾ ಹೊರಗೆ ಬಂದಳು.

"ನಮ್ಮ ಮನೇದು," ಎಂದ ಹೊರ್ನ್ಯಾಕ್. "ತಟ್ಟೆ ವಾಪಸ್ ಮಾಡ್ಬೇಕಲ್ಲ, ಹಾಗಾಗಿ..."

ಅವಳು ತಟ್ಟೆ ತೆಗೆದುಕೊಂಡಳು. ಬಟ್ಟೆ ಮಡಚಿ ಅವನ ಕೈಗೆ ಕೊಟ್ಟಳು. ತಟ್ಟೆಯಲ್ಲಿದ್ದದ್ದನ್ನೆಲ್ಲ ಅವನ ಕಣ್ಣೆದುರೇ ನಾಯಿಯ ಬಾನಿಗೆ ಸುರಿದು, ತಟ್ಟೆಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಯಿಂದ ಒರೆಸಿಕೊಂಡಳು.

"ಕೈ ನಡುಗ್ತಿದೆ ನಿಮ್ಮದು," ಎಂದಳು. "ಮನೆಗೆ ಹೋಗಿ ಒಲೆ ಮುಂದೆ ಕೂತ್ಕೊಳ್ಳಿ."

ಗೇಟು ದಾಟುವಾಗ ಅವನಿಗೆ ಹಿಂದಿನಿಂದ ಮಿಕ್ಷಾನ ದನಿ ಕೇಳಿಸಿತು. "ಅಮ್ಮ, ಯಾರು ಬಂದಿದ್ದು?"

"ಯಾರೂ ಇಲ್ಲ ಕಂದ. ತಟ್ಟೆ ಕೊಟ್ಟು ಹೋಗೋಕೆ ಬಂದಿದ್ರು."